ಮೈದಾನದ ಉಳಿಕೆ ಬೆಳಕು

ನಮ್ಮ ಊರಿನಲ್ಲಿ ಕತ್ತಲಾದ ಮೇಲೂ ಪುರಸಭೆಯ ಮೈದಾನದೊಳಗೆ ಒಂದು ತಾಸು ಬೆಳಕಿರುತ್ತದೆ. ಪೇಟೆಯಲ್ಲಿ ಅಂಗಡಿಗಳ ಬಲ್ಬು ಹೊತ್ತಿಕೊಂಡಿರುತ್ತವೆ, ಬಸ್ಸುಗಳು ದೀಪ ಹಾಕಿಕೊಂಡು ಬರುತ್ತಿರುತ್ತವೆ, ಮನೆಮನೆಯಲ್ಲಿ ಸೊಳ್ಳೆಗೆ ಹೆದರಿ ಕಿಟಕಿ ಮುಚ್ಚಿರುತ್ತಾರೆ. ಆಗ ಗೇಟು ದಾಟಿ ಮೈದಾನದೊಳಗೆ ಕಾಲಿಟ್ಟರೆ ಕೈಯ ಗೆರೆಗಳು ನಿಚ್ಚಳವಾಗಿ ಕಾಣುತ್ತವೆ. ಬಿಸಿಲಲ್ಲ ಅದು, ಬಿಸಿಲು ಇಳಿದ ಮೇಲಿನ ತಿಳಿ ಬೆಳಕು. ನಾವು ಅದನ್ನು ಉಳಿಕೆ ಎಂದು ಕರೆಯುತ್ತೇವೆ.

ಸೂಜಿಗೆ ದಾರ ಪೋಣಿಸಲು ಮುದುಕಿಯರು ಬರುತ್ತಿದ್ದರು. ಪರೀಕ್ಷೆಗೆ ಓದುವವರು ಪೂರ್ವದ ಮೆಟ್ಟಿಲುಗಳ ಮೇಲೆ ಕೂರುತ್ತಿದ್ದರು. ಕ್ಷೌರದವನು ಕಾರ್ನರ್ ಬಾವುಟದ ಹತ್ತಿರ ಕುರ್ಚಿ ಹಾಕುತ್ತಿದ್ದ. ಆ ಬೆಳಕಿನಲ್ಲಿ ಎಂಥವರ ಮುಖವೂ ಚೆಂದ ಕಾಣುವುದರಿಂದ ಹೆಣ್ಣಿನ ಕಡೆಯವರು ಹುಡುಗಿ ತೋರಿಸುವ ಶಾಸ್ತ್ರವನ್ನು ಉಳಿಕೆಯಲ್ಲೇ ಇಟ್ಟುಕೊಳ್ಳುತ್ತಿದ್ದರು. ಗಂಡಿನ ಕಡೆಯವರು ಪೆದ್ದರಲ್ಲ, ಮರುದಿನ ಬೆಳಿಗ್ಗೆ ನೀರು ಕುಡಿಯುವ ನೆಪದಲ್ಲಿ ಮನೆಗೇ ಬಂದು ಇನ್ನೊಮ್ಮೆ ನೋಡಿ ಹೋಗುತ್ತಿದ್ದರು. ಚೆಂಡಿಗೆ ಮಾತ್ರ ಆ ಹೊತ್ತಿನಲ್ಲಿ ಒಳಗೆ ಜಾಗವಿರಲಿಲ್ಲ. ಹೊರಗೆ ಕತ್ತಲಾಯಿತೆಂದರೆ ಊರಿನ ಫುಟ್‌ಬಾಲ್ ತಂಡವಾದ ಹಿತೈಷಿ ಕ್ಲಬ್ಬಿನ ಆಟಗಾರರು ಬೂಟು ಬಿಚ್ಚಿ ಹೊರಡಬೇಕಿತ್ತು, ಗೇಟುಗಳು ಊರಿಗೆಲ್ಲ ತೆರೆಯಬೇಕಿತ್ತು. ಪುರಸಭೆ ಮೈದಾನ ಕಟ್ಟಿದಾಗಿನಿಂದ ನಡೆದುಕೊಂಡು ಬಂದದ್ದು ಹೀಗೆ.

ಇನ್ನೊಂದು ರೂಢಿಯಿತ್ತು. ಉಳಿಕೆಯಲ್ಲಿ ಆದ ಪರಿಚಯವನ್ನು ಗೇಟಿನ ಹೊರಗೆ ತರುತ್ತಿರಲಿಲ್ಲ. ಒಳಗೆ ನೀವು ಯಾರ ಪಕ್ಕದಲ್ಲಿ ಕೂತು ಅತ್ತಿರಬಹುದು, ಯಾರಿಗೋ ಗಂಡನ ಬಗ್ಗೆ ಹೇಳಬಾರದ್ದನ್ನು ಹೇಳಿರಬಹುದು. ಬೆಳಿಗ್ಗೆ ಅವರೇ ಹಾಲಿನ ಅಂಗಡಿಯಲ್ಲಿ ಎದುರಾದರೆ ಗುರುತು ತೋರಿಸುತ್ತಿರಲಿಲ್ಲ. ಒಳಗೆ ಹೆಸರು ಹಿಡಿದು ಕರೆಯುವುದೂ ಇರಲಿಲ್ಲ, ಊರಿನ ವ್ಯವಹಾರ ಎತ್ತುವುದೂ ಇರಲಿಲ್ಲ. ಹೊರಗಿನಿಂದ ಮದುವೆಯಾಗಿ ಬಂದ ನನಗೆ ಮೊದಮೊದಲು ಇದು ಕ್ರೂರವಾಗಿ ಕಂಡಿತ್ತು. ಆಮೇಲೆ ಇದರಲ್ಲಿ ಎಷ್ಟು ಸುಖವಿದೆ ಎಂದು ತಿಳಿಯಿತು.

ನನ್ನ ಗಂಡ ಶ್ರೀಪಾದ ಹಿತೈಷಿ ಕ್ಲಬ್ಬಿನ ಸೆಕ್ರೆಟರಿ. ಬೈಯುವವರಲ್ಲ, ಹೊಡೆಯುವವರಲ್ಲ, ಕುಡಿಯುವವರಲ್ಲ. ಕ್ಲಬ್ಬಿನ ಕಟ್ಟೆಯ ಮೇಲೆ ಕೂತರೆ ಅವರ ಸುತ್ತ ನಗೆ ಏಳುತ್ತಿತ್ತಂತೆ, ಒಬ್ಬೊಬ್ಬ ಆಟಗಾರನ ಕಾಲಿನ ಚಳಕವನ್ನು ಅಭಿನಯಿಸಿ ತೋರಿಸುತ್ತಿದ್ದರಂತೆ. ಬೇರೆಯವರು ಹೇಳಿ ನನಗೆ ಗೊತ್ತು. ಮನೆಗೆ ಬರುವಷ್ಟರಲ್ಲಿ ಮಾತು ತೀರಿರುತ್ತಿತ್ತು. "ಊಟಕ್ಕ ಹಾಕು", "ನೀರು ಬಂದಿತ್ತೇನು", ಇಷ್ಟರಲ್ಲಿ ಒಂದು ದಿನ ಮುಗಿಯುತ್ತಿತ್ತು. ಮಕ್ಕಳಾಗಲಿಲ್ಲ. ಅದನ್ನೂ ನಾವು ಎಂದೂ ಮಾತಾಡಿ ಮುಗಿಸಲಿಲ್ಲ, ಅದು ಮನೆಯಲ್ಲಿ ಹಾಗೇ ಉಳಿದುಕೊಂಡಿತು, ಎತ್ತಿ ಬೇರೆಡೆ ಇಡಲಾಗದ ದೊಡ್ಡ ಕಪಾಟಿನ ಹಾಗೆ. ನಾವಿಬ್ಬರೂ ಅದನ್ನು ಬಳಸಿಕೊಂಡು ಓಡಾಡುವುದನ್ನು ಕಲಿತೆವು.

ಉಳಿಕೆಯಲ್ಲಿ ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು ನೀಲವ್ವ. ಹೆಸರು ಗೊತ್ತಾದದ್ದು ರೇಷನ್ ಅಂಗಡಿಯ ಸಾಲಿನಲ್ಲಿ, ಅಂಗಡಿಯವನು ಅವಳನ್ನು ಕೂಗಿದಾಗ. ಅಂದು ಅವಳು ನನ್ನ ಮುಂದೆಯೇ ನಿಂತಿದ್ದಳು, ತಿರುಗಿ ನೋಡಲಿಲ್ಲ, ನಾನೂ ಮಾತಾಡಿಸಲಿಲ್ಲ. ಸಂಜೆ ಮೆಟ್ಟಿಲ ಮೇಲೆ ನಾವಿಬ್ಬರೂ ಒಬ್ಬರನ್ನೊಬ್ಬರು ಅಕ್ಕಾ ಎಂದೇ ಕರೆಯುತ್ತಿದ್ದೆವು, ದೊಡ್ಡವಳು ಯಾರೆಂಬುದು ಇತ್ಯರ್ಥವಾಗಿರಲಿಲ್ಲ. ಚಿಕ್ಕಿ ಮಾಡುವ ಅಂಗಡಿಗೆ ಅವಳು ಶೇಂಗಾ ಬಿಡಿಸಿಕೊಡುತ್ತಿದ್ದಳು. ಚೀಲವನ್ನು ನಮ್ಮಿಬ್ಬರ ನಡುವೆ ಸುರಿದುಕೊಂಡು ಕೂರುತ್ತಿದ್ದೆವು. ಅವಳ ಬೆರಳು ಒತ್ತಿದರೆ ಕಾಯಿ ಸರಿಯಾಗಿ ಎರಡು ಹೋಳಾಗುತ್ತಿತ್ತು. ನನ್ನದು ಪುಡಿಪುಡಿ.

"ಅಕ್ಕಾ, ನೀವು ಬಿಡಿಸಿದ್ದರಾಗ ಸಿಪ್ಪಿನೇ ಹೆಚ್ಚು," ಎನ್ನುತ್ತಿದ್ದಳು. "ಅಂಗಡ್ಯಾವ ನನ್ನ ಬೈತಾನ."

"ನಿಮ್ಮ ಅಂಗಡಿಯವಗ ಸಿಪ್ಪಿ ಚಿಕ್ಕಿ ಮಾಡು ಅನ್ರಿ."

"ಮಾಡಿದರ ನೀವ ತಿನ್ನಬೇಕು."

ಇಂಥ ಮಾತುಗಳೇ. ಅವಳು ತನ್ನ ಮನೆಯ ವಿಷಯ ಹೇಳಿದ್ದು ಕಡಿಮೆ. ಹೇಳುತ್ತಿದ್ದವಳು ನಾನು. ಮದುವೆಯಾದ ಹೊಸದರಲ್ಲಿ ಬಚ್ಚಲ ಬಾಗಿಲು ಹಾಕಿಕೊಂಡು ಹಾಡುತ್ತಿದ್ದೆ ಎಂದೂ, ಒಂದು ದಿನ ಅದು ತಾನಾಗಿ ನಿಂತಿತು ಎಂದೂ, ನಿಂತದ್ದು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ ಎಂದೂ ಅವಳಿಗೆ ಹೇಳಿದ್ದೆ. ಅವಳು ಸಮಾಧಾನ ಮಾಡುತ್ತಿರಲಿಲ್ಲ. ಕೇಳಿ, ಕೈಯಲ್ಲಿದ್ದ ಕಾಳುಗಳ ಸಿಪ್ಪೆಯನ್ನು ಊದಿ ಹಾರಿಸಿ, ಎರಡು ಕಾಳು ನನ್ನ ಅಂಗೈಗೆ ಹಾಕುತ್ತಿದ್ದಳು. ನನಗೆ ಅಷ್ಟು ಸಾಕಾಗುತ್ತಿತ್ತು. ಕಾವಲುಗಾರ ಫಕೀರಪ್ಪ ಗಂಟೆ ಬಾರಿಸಿದಾಗ ಎಲ್ಲರೂ ಏಳುತ್ತಿದ್ದರು, ಅವಳು ಎಲ್ಲರಿಗಿಂತ ಕೊನೆಗೆ ಏಳುತ್ತಿದ್ದಳು. ಗೇಟಿನ ಹೊರಗೆ ಕತ್ತಲಿಗೆ ಕಾಲಿಟ್ಟ ಕೂಡಲೇ ನಾನು ಎಡಕ್ಕೆ, ಅವಳು ಬಲಕ್ಕೆ.

ಆ ವರ್ಷ ಪಶ್ಚಿಮದ ಗ್ಯಾಲರಿಯ ಸೂರಿನಿಂದ ಸಿಮೆಂಟಿನ ದೊಡ್ಡ ಚಕ್ಕೆ ಕಳಚಿ ಬಿತ್ತು. ಆಟವಿಲ್ಲದ ದಿನ, ಯಾರಿಗೂ ಏನೂ ಆಗಲಿಲ್ಲ. ಪುರಸಭೆ ಹಗ್ಗ ಕಟ್ಟಿ ಒಂದು ಫಲಕ ತೂಗುಹಾಕಿತು. ಮಳೆಗೆ ಫಲಕವೂ ಬಿತ್ತು. ಆಮೇಲೆ ಹಿತೈಷಿ ಕ್ಲಬ್ಬು ಮೈದಾನವನ್ನು ತನಗೇ ಬಿಟ್ಟುಕೊಡಬೇಕೆಂದು ಕೇಳಿತು. ಗ್ಯಾಲರಿ ಕಟ್ಟಿಸುತ್ತೇವೆ, ಚರಂಡಿ ತೆಗೆಸುತ್ತೇವೆ, ಹುಲ್ಲು ಹಾಕಿಸುತ್ತೇವೆ, ಆದರೆ ಮೈದಾನ ಪೂರಾ ನಮ್ಮದಾಗಬೇಕು, ಉಳಿಕೆಯ ಹೊತ್ತು ಸೇರಿ. ಹೊತ್ತು ಮುಳುಗಿದ ಮೇಲೆ ದೀಪವಿಲ್ಲದೆ ಆಟವಾಡಬಹುದಾದ ಮೈದಾನ ಸುತ್ತಲಿನ ಯಾವ ಊರಿನಲ್ಲೂ ಇಲ್ಲ, ಕೆಲಸ ಮುಗಿಸಿದ ಜನ ಆ ಆಟಕ್ಕೆ ಮುಗಿಬೀಳುತ್ತಾರೆ ಎಂಬುದು ಅವರ ಲೆಕ್ಕ. ಸ್ವಂತ ಮೈದಾನವಿಲ್ಲದ ತಂಡಗಳನ್ನು ಲೀಗಿನಿಂದ ಕೈಬಿಡುತ್ತಾರೆಂಬ ಮಾತೂ ಇತ್ತು.

ಹಿತೈಷಿ ಕ್ಲಬ್ಬನ್ನು ದ್ವೇಷಿಸುವವರು ಊರಿನಲ್ಲಿ ಯಾರೂ ಇರಲಿಲ್ಲ. ಅದೇ ತೊಡಕು. ಕ್ಲಬ್ಬು ಗೆದ್ದ ದಿನ ಹೂ ಕಟ್ಟುವ ಜುಲೇಖಾಬಿ ಬಸ್ಸಿನ ಡ್ರೈವರಿಗೂ ಬಿಟ್ಟಿ ಮಾಲೆ ಹಾಕಿದವಳು. ಅವಳೇ ಈಗ ಉಳಿಕೆಯಲ್ಲಿ ರೂಢಿ ಮುರಿದು ಎಲ್ಲರಿಗೂ ಕೇಳುವಂತೆ ಅನ್ನತೊಡಗಿದಳು: "ಹುಡುಗರು ಹಗಲೆಲ್ಲಾ ಆಡ್ಲಿ, ಬ್ಯಾಡ ಅಂದೋರ್‍ಯಾರು? ಒಂದು ತಾಸು ನಮಗಿರ್ಲಿ. ಮನ್ಯಾಗ ಕುಂತು ಹೂ ಕಟ್ಟಿದ್ರ ಮಲ್ಲಗಿ ಅರಳಿದ್ದು ಯಾವ್ದು, ಮೊಗ್ಗು ಯಾವ್ದು ಕಾಣ್ತೈತೇನ ನನಗ?"

ಕ್ಷೌರದವನು ಕತ್ತರಿ ಆಡಿಸುತ್ತಲೇ ಉತ್ತರಿಸಿದ: "ಸೂರು ತಲಿ ಮ್ಯಾಲೆ ಬಿದ್ದಾಗ ಎಲ್ಲಾ ಕಾಣ್ತೈತಿ ತಗೋ."

"ನಿನ್ನ ಕತ್ತರಿಗಿಂತ ಸೂರ ಛಲೋ."

ಜನ ನಕ್ಕರು. ನೀಲವ್ವ ತಲೆ ಎತ್ತದೆ ಶೇಂಗಾ ಬಿಡಿಸುತ್ತಿದ್ದಳು.

ನಮ್ಮಲ್ಲಿ ಊರಿನ ಸೊತ್ತಿನ ಪ್ರಶ್ನೆ ಬಂದರೆ ಚೀಟಿ ಹಾಕುವುದಿಲ್ಲ. ಬೆಳಿಗ್ಗೆ ಮೈದಾನಕ್ಕಿಳಿದು ನಿಲ್ಲುತ್ತೇವೆ. ಹೌದು ಎನ್ನುವವರು ದಕ್ಷಿಣದ ಗೋಲಿನ ಕಡೆ, ಬೇಡ ಎನ್ನುವವರು ಉತ್ತರದ ಗೋಲಿನ ಕಡೆ. ಪುರಸಭೆಯ ಅಧ್ಯಕ್ಷರು ಸೀಟಿ ಊದುವವರೆಗೆ ಆಚೀಚೆ ದಾಟಬಹುದು, ಊದಿದ ಮೇಲೆ ಇಲ್ಲ. ಯಾರು ಎಲ್ಲಿ ನಿಂತರೆಂದು ಊರಿಗೆಲ್ಲ ಕಾಣುತ್ತದೆ. ಹಾಗಾಗಿ ಗಂಡನೊಂದು ಕಡೆ ಹೆಂಡತಿಯೊಂದು ಕಡೆ ನಿಂತದ್ದನ್ನು ನಾನಂತೂ ಕಂಡಿರಲಿಲ್ಲ.

ನಿಲ್ಲುವ ದಿನ ಗೊತ್ತಾದ ಮೇಲೆ ಒಂದು ಸಂಜೆ ಶ್ರೀಪಾದ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಅವರು ಅಲ್ಲಿಗೆ ಬರುವವರಲ್ಲ. ಚೌಕಟ್ಟು ಹಿಡಿದುಕೊಂಡರು.

"ಕುಮುದಾ, ನೀ ಬರ್ತೀಯಲ್ಲ?"

"ಎಲ್ಲಿಗೆ?"

"ಮೈದಾನಕ್ಕ. ನಿಲ್ಲಾಕ." ಎಂದರು. "ಭಾಷಣ ಗೀಷಣ ಏನೂ ಬ್ಯಾಡ. ನೀ ನನ್ನ ಬಾಜೂಕ ನಿಂತರ ಸಾಕು. ಇಪ್ಪತ್ತು ವರ್ಷದಿಂದ ಆ ಕ್ಲಬ್ಬಿಗೆ ಜೀವ ತೇದೀನಿ. ಇದೊಂದು ಆಗಿಬಿಟ್ಟರ ನನ್ನ ಕೆಲಸ ಮುಗೀತು ಅನ್ಕೋತೀನಿ."

ಅಷ್ಟು ಮಾತು ಅವರ ಬಾಯಿಂದ ಒಮ್ಮೆಲೆ ಬಂದದ್ದು ಕೇಳಿ ನನ್ನ ಕೈ ನಿಂತಿತು. ಹೂಂ ಎಂದೆನೋ ಇಲ್ಲವೋ ನೆನಪಿಲ್ಲ. ಅವರು ಹೂಂ ಎಂದೇ ತಿಳಿದು ಹೋದರು.

ಆ ದಿನಗಳಲ್ಲಿ ನನ್ನೊಳಗೆ ನಡೆಯುತ್ತಿದ್ದುದನ್ನು ಹೀಗೆ ಹೇಳಬಹುದು. ಗೇಟು ಕ್ಲಬ್ಬಿನದಾದರೆ ಉಳಿಕೆ ಹೋಗುತ್ತದೆ. ಉಳಿಕೆ ಹೋದರೆ ನೀಲವ್ವ ಹೋಗುತ್ತಾಳೆ. ಅವಳ ಮನೆ ಎಲ್ಲಿ ನನಗೆ ಗೊತ್ತಿಲ್ಲ, ಗೊತ್ತಿದ್ದರೂ ಹೋಗಿ ಬಾಗಿಲು ತಟ್ಟುವಂತಿಲ್ಲ. ರೇಷನ್ ಸಾಲಿನಲ್ಲಿ ಅವಳ ಬೆನ್ನು ನೋಡುತ್ತ ನಿಲ್ಲಬಹುದು. ಈ ವಯಸ್ಸಿನಲ್ಲಿ ಹೊಸದಾಗಿ ಯಾರಿಗೆ ಏನು ಹೇಳಲಿ? ಎಲ್ಲವನ್ನೂ ಒಮ್ಮೆ ಅವಳಿಗೆ ಹೇಳಿಯಾಗಿತ್ತು. ಅವಳು ಹೋದರೆ ನನ್ನ ಬಗ್ಗೆ ಗೊತ್ತಿರುವವರು ಈ ಭೂಮಿಯ ಮೇಲೆ ಯಾರೂ ಇರುವುದಿಲ್ಲ.

ಹಿಂದಿನ ಸಂಜೆ ಅವಳನ್ನು ಕೇಳಬೇಕೆಂದುಕೊಂಡೆ. ಅಕ್ಕಾ, ನಾಳೆ ಉತ್ತರಕ್ಕೆ ಬರ್ತೀರಲ್ಲ ಎಂದು. ನಾಲಿಗೆ ತುದಿಗೆ ಬಂದಿತ್ತು. "ನಾಳೆ..." ಎಂದೆ.

ಅವಳು ತಟ್ಟನೆ, "ಈ ಚೀಲದಾಗ ಕಲ್ಲು ಭಾಳ ಅದಾವ ನೋಡ್ರಿ," ಎಂದು ಒಂದು ಹರಳನ್ನು ಹೆಕ್ಕಿ ಮೆಟ್ಟಿಲ ಕೆಳಗೆ ಎಸೆದಳು. ಇದನ್ನು ನಾನು ರೂಢಿ ಕಾಯುವ ಮಾತೆಂದು ತಿಳಿದೆ. ಕೇಳುವ ಅಗತ್ಯವಾದರೂ ಏನು ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಗಂಟೆ ಹೊಡೆದ ಮೇಲೂ ಏಳಲು ಮನಸ್ಸಿಲ್ಲದ ಹೆಂಗಸು ಗೇಟು ಮುಚ್ಚಲಿ ಎಂದು ನಿಲ್ಲುತ್ತಾಳೆಯೇ?

ಬೆಳಿಗ್ಗೆ ಊರೆಲ್ಲ ಮೈದಾನದಲ್ಲಿತ್ತು. ಹಗಲಿನಲ್ಲಿ ಅದನ್ನು ನೋಡಿ ಬಹಳ ವರ್ಷವಾಗಿತ್ತು. ಹುಲ್ಲು ಅಲ್ಲಲ್ಲಿ ಬೋಳಾಗಿತ್ತು, ಗ್ಯಾಲರಿಯ ಸೂರಿನಲ್ಲಿ ಕಬ್ಬಿಣದ ಸರಳು ಹೊರಬಂದಿತ್ತು. ಶ್ರೀಪಾದ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ದಕ್ಷಿಣದ ಗೋಲಿನ ಮುಂದೆ ನಿಂತು, ಬಂದವರನ್ನೆಲ್ಲ ಹೆಸರು ಹಿಡಿದು ಮಾತಾಡಿಸುತ್ತಿದ್ದರು. ಅವರು ನಗುತ್ತಿದ್ದರು. ಆ ನಗು ನನಗೆ ಅಪರಿಚಿತವಾಗಿತ್ತು. ನಾನು ಅವರ ಎಡಗಡೆ ನಿಂತಿದ್ದೆ. ಒಂದು ಗಳಿಗೆ ಹಾಗೇ ನಿಂತುಬಿಡೋಣ ಎಂದೂ ಅನಿಸಿತು. ಆಮೇಲೆ ಕಾಲು ಎತ್ತಿದೆ.

ಮೈದಾನ ಎಷ್ಟು ಉದ್ದವಿದೆ ಎಂಬುದು ಅದನ್ನು ಒಬ್ಬಳೇ ದಾಟುವಾಗ ತಿಳಿಯುತ್ತದೆ. ನಡುವಿನ ಗೆರೆ ಬರುವಷ್ಟರಲ್ಲಿ ಎರಡೂ ಕಡೆಯ ಮಾತು ನಿಂತಿತ್ತು. ಹಿಂದಿನಿಂದ ಶ್ರೀಪಾದ ಕರೆಯಲಿಲ್ಲ. ಕರೆದಿದ್ದರೆ ನಿಲ್ಲುತ್ತಿದ್ದೆನೇನೋ.

ಉತ್ತರದ ಗುಂಪಿನ ಮುಂದೆ ನಿಂತಿದ್ದ ಜುಲೇಖಾಬಿ ಸೊಂಟದ ಮೇಲೆ ಕೈಯಿಟ್ಟು, "ಸೆಕ್ರೆಟರಿ ಸಾಹೇಬ್ರ ಮನಿಯವರು ದಾರಿ ತಪ್ಪಿ ಬಂದ್ರೇನ?" ಎಂದಳು.

"ಇಲ್ರೀ," ಎಂದೆ.

ಅವಳು ನನ್ನ ಮುಖ ನೋಡಿ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. "ಸರೀರಿ ಎಲ್ಲಾರೂ. ಅಮ್ಮಾರು ನಿಂದರ್ಲಿ."

ಆಗ ಸುತ್ತ ಮುಖಗಳನ್ನು ಹುಡುಕಿದೆ. ಸೂಜಿಯ ಮುದುಕಿಯರಿದ್ದರು, ಓದುವ ಹುಡುಗಿಯರಿದ್ದರು. ನೀಲವ್ವ ಇರಲಿಲ್ಲ. ತಡವಾಗಿರಬೇಕು, ಬರುತ್ತಾಳೆ ಎಂದುಕೊಂಡೆ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಕೈ ಅಡ್ಡ ಹಿಡಿದು ಎದುರಿಗೆ ನೋಡಿದೆ. ದಕ್ಷಿಣದ ಗೋಲಿನ ಬಲಗಂಬದ ಹತ್ತಿರ, ಗುಂಪಿನ ಅಂಚಿನಲ್ಲಿ, ಸೆರಗು ತಲೆಯ ಮೇಲೆ ಹೊದ್ದು ಅವಳು ನಿಂತಿದ್ದಳು. ಅವಳ ಜೊತೆ ಯಾರೂ ಇರಲಿಲ್ಲ. ಯಾರೂ ಅವಳನ್ನು ಎಳೆದು ತಂದಿರಲಿಲ್ಲ. ಅವಳು ನನ್ನ ಕಡೆಯೇ ನೋಡುತ್ತಿದ್ದಳು, ಹಾಲಿನ ಅಂಗಡಿಯಲ್ಲಿ ನೋಡುವಂತೆ, ಗುರುತಿಲ್ಲದೆ.

ಅಧ್ಯಕ್ಷರು ಸೀಟಿ ಊದಿದರು. ತಲೆ ಎಣಿಸುವ ಅಗತ್ಯವೂ ಇರಲಿಲ್ಲ, ದಕ್ಷಿಣದ ಗುಂಪು ಪೆನಾಲ್ಟಿ ಗೆರೆ ದಾಟಿ ಹರಡಿತ್ತು. ಮೈದಾನ ಹಿತೈಷಿ ಕ್ಲಬ್ಬಿಗೆ ಹೋಯಿತು. ಮರುದಿನದಿಂದ ಗೇಟು ಅವರದು.

ಅಂದು ಮಧ್ಯಾಹ್ನ ಶ್ರೀಪಾದ ಊಟಕ್ಕೆ ಬರಲಿಲ್ಲ. ಮೆರವಣಿಗೆಯಿತ್ತು. ಸಂಜೆ ನಾನು ಕೊನೆಯ ಉಳಿಕೆಗೆ ಹೋದೆ. ಬಹಳ ಜನ ಬಂದಿದ್ದರು. ಒಬ್ಬರನ್ನೊಬ್ಬರು ನೋಡುವುದಕ್ಕೆ ಸಂಕೋಚಪಡುತ್ತ, ಕೆಲಸವಿಲ್ಲದೆ ಮೆಟ್ಟಿಲ ಮೇಲೆ ಕೂತಿದ್ದರು. ನೀಲವ್ವ ನಮ್ಮ ಜಾಗದಲ್ಲಿದ್ದಳು. ಚೀಲ ತಂದಿರಲಿಲ್ಲ. ನಾನು ಪಕ್ಕದಲ್ಲಿ ಕೂತೆ. ನಮ್ಮಿಬ್ಬರ ಕೈಗಳಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ.

"ಯಾಕ?" ಎಂದೆ.

ಅವಳು ತಡಮಾಡಲಿಲ್ಲ. ಹೇಳಲೆಂದೇ ಬಂದಿದ್ದಳೆಂದು ಕಾಣುತ್ತದೆ. "ಅಕ್ಕಾ, ನನ್ನ ಮನ್ಯಾಗ ಏನೈತಿ ಅಂತ ನಾ ನಿಮಗ ಹೇಳಿಲ್ಲ. ಈಗೂ ಹೇಳೂದಿಲ್ಲ. ಮೈಮ್ಯಾಲಿನ ಗಾಯ ತೋರಸ್ಬಹುದು, ಮನಸ್ಸಿಂದು ತೋರಸಾಕ ಬರೂದಿಲ್ಲ. ಎಷ್ಟೋ ಸರ್ತಿ ಹಗಲೆಲ್ಲಾ ಗಂಟು ಕಟ್ಟೇನಿ. ಇವತ್ತು ಹೋಗೂದ ಅಂತ. ಸಂಜಿಮುಂದ ಇಲ್ಲಿ ಬಂದು ನಿಮ್ಮ ಬಾಜೂಕ ಕುಂತ್ರ..." ಅವಳು ಕೈಯಿಂದ ಎದುರಿನ ಹುಲ್ಲು, ಕ್ಷೌರದವನ ಕುರ್ಚಿ, ಆ ಬೆಳಕನ್ನೆಲ್ಲ ತೋರಿಸಿದಳು. "ಹಗುರ ಆಗ್ತಿತ್ತು. ಹಗುರಾಗಿ ಮನಿಗೆ ಹೋಗಿ ಗಂಟು ಬಿಚ್ಚಿಡ್ತಿದ್ದೆ. ಹನ್ನೊಂದು ವರ್ಷ. ಈ ಒಂದು ತಾಸು ಇರದಿದ್ರ ನಾ ಯಾವಾಗೋ ಹೋಗ್ತಿದ್ದೆ ಅಕ್ಕಾ. ಇದ ನನ್ನ ಹಿಡಕೊಂಡು ಕುಂತಿದ್ದು."

"ಈಗ?"

"ಅಕ್ಕನ ಮಗಳು ಒಂದು ಹಾಸ್ಟೆಲಿನ್ಯಾಗ ಅಡಗಿ ಮಾಡ್ತಾಳ. ಕೈಗೂಡಸ್ಲಿಕ್ಕೆ ಮಂದಿ ಬೇಕು ಅಂದಾಳ. ನಾಳೆ ಸಂಜೀಗೆ ಇಲ್ಲಿ ಕೂಡ್ರಾಕ ಜಾಗ ಇರೂದಿಲ್ಲ. ಗಂಟು ಬಿಚ್ಚಾಂಗಿಲ್ಲ."

ನನಗೆ ಸಿಟ್ಟು ಬಂತು. ನಾಚಿಕೆಯಾಗುವಷ್ಟು ಸಿಟ್ಟು. ಅವಳ ಮೈಮೇಲಿನದನ್ನು, ಮನಸ್ಸಿನದನ್ನು ಕೇಳಿದ ಮೇಲೂ ನನ್ನ ಬಾಯಿಂದ ಬಂದದ್ದು ಇಷ್ಟು: "ನನ್ನ ವಿಚಾರ ಮಾಡ್ಲಿಲ್ಲಲ್ಲ ನೀವು. ನಾ ಊರ ಮುಂದ ಅವರನ್ನ ಬಿಟ್ಟು ಆ ಕಡೆ ಹೋದೆ. ನಿಮ್ಮ ಸಲುವಾಗಿ."

"ನೋಡ್ದೆ." ಎಂದಳು. "ನೀವೊಬ್ಬರ ಆ ಕಡೆ ನಡದು ಹೊಂಟಿದ್ರಿ. ಒಂದು ಸರ್ತಿ ದಾಟಿ ಬಂದುಬಿಡ್ಲೇನು ಅನಿಸ್ತು. ಬಂದಿದ್ರ ಮತ್ತ ಹನ್ನೊಂದು ವರ್ಷ ಅಕ್ಕಾ."

ನಾನು ಮೆಟ್ಟಿಲ ಸಂದಿಯಲ್ಲಿದ್ದ ಹಳೆಯ ಸಿಪ್ಪೆಯೊಂದನ್ನು ಎತ್ತಿ ಪುಡಿಮಾಡಿದೆ.

"ನಿಮ್ಮ ವಿಚಾರ ಮಾಡಿಲ್ಲಂತ ಅನಬ್ಯಾಡ್ರಿ," ಎಂದಳು. "ನೀವೂ ಇಲ್ಲಿ ಹೇಳಿ ಹೇಳಿ ಹಗುರಾಗಿ ಹೋಗ್ತಿದ್ರಿ. ಆ ಮನಿಶ್ಯಾಗ ಒಂದು ದಿನಾನೂ ಹೇಳ್ಲಿಲ್ಲ. ಅಂವಗ ಏನ್ ಗೊತ್ತು, ನೀವು ಹಾಡೂದು ಬಿಟ್ಟಿದ್ದು?"

ಎದುರಿಗೆ ಬೆಳಕು ತೆಳುವಾಗುತ್ತಿತ್ತು. ಅದು ಹೋಗುವುದು ದೀಪ ಆರಿದ ಹಾಗಲ್ಲ, ನೀರು ಇಂಗಿದ ಹಾಗೆ, ಮೊದಲು ಹುಲ್ಲಿನಿಂದ, ಆಮೇಲೆ ಮೆಟ್ಟಿಲುಗಳಿಂದ, ಕೊನೆಗೆ ಮುಖಗಳಿಂದ. ಫಕೀರಪ್ಪ ಗಂಟೆ ಹೊಡೆಯಲಿಲ್ಲ. ಅವನಿಗೂ ಮನಸ್ಸಾಗಲಿಲ್ಲವೇನೋ. ನೀಲವ್ವ ತಾನಾಗಿ ಎದ್ದಳು, ಅಂದು ಎಲ್ಲರಿಗಿಂತ ಮೊದಲು. ನನ್ನ ಭುಜದ ಮೇಲೆ ಕೈಯಿಟ್ಟು ಒತ್ತಿ, ಮೆಟ್ಟಿಲಿಳಿದು ಹೋದಳು. ನಾನು ಹಿಂದೆ ಹೋಗಲಿಲ್ಲ.

ಈಗ ಉಳಿಕೆಯಲ್ಲಿ ಆಟಗಳಾಗುತ್ತವೆ. ಪಶ್ಚಿಮದ ಗ್ಯಾಲರಿಗೆ ಹೊಸ ಸೂರು ಬಂದಿದೆ. ಹೊತ್ತು ಮುಳುಗಿದ ಮೇಲೆ ಬೇರೆ ಊರುಗಳಿಂದ ಬಸ್ಸುಗಳು ತುಂಬಿ ಬರುತ್ತವೆ. ಜುಲೇಖಾಬಿ ಗೇಟಿನ ಹೊರಗೆ ಬಲ್ಬು ಕಟ್ಟಿಕೊಂಡು ಹೂ ಮಾರುತ್ತಾಳೆ, ವ್ಯಾಪಾರ ಚೆನ್ನಾಗಿದೆಯಂತೆ, ಮೊಗ್ಗಿನ ಬಗ್ಗೆ ಕೇಳಿದರೆ ಬೈಯುತ್ತಾಳೆ. ಮುದುಕಿಯರು ಏನು ಮಾಡುತ್ತಾರೋ ತಿಳಿಯದು. ಸೆಕ್ರೆಟರಿಯ ಹೆಂಡತಿಗೆ ಮುಂದಿನ ಸಾಲಿನಲ್ಲಿ ಕುರ್ಚಿಯಿದೆ. ಒಂದು ಸಲ ಹೋಗಿದ್ದೆ. ನಮ್ಮ ಮೆಟ್ಟಿಲ ಮೇಲೆ ಒಬ್ಬ ದಪ್ಪ ಮನುಷ್ಯ ನಿಂತು ಗೋಲ್‌ಕೀಪರನನ್ನು ಬೈಯುತ್ತಿದ್ದ. ಅವನ ತಪ್ಪೇನೂ ಇರಲಿಲ್ಲ. ಅರ್ಧ ಆಟಕ್ಕೆ ಎದ್ದು ಬಂದೆ.

ಆ ಬೆಳಿಗ್ಗೆ ನಾನು ಮೈದಾನ ದಾಟಿದ್ದರ ಬಗ್ಗೆ ಶ್ರೀಪಾದ ಒಂದು ಮಾತೂ ಆಡಿರಲಿಲ್ಲ. ಕ್ಲಬ್ಬಿನಲ್ಲಿ ಅವರನ್ನು ಛೇಡಿಸಿರಬೇಕು, ಗೆದ್ದ ಮನುಷ್ಯ ಗೆದ್ದವನ ಹಾಗೆ ಓಡಾಡುತ್ತಿರಲಿಲ್ಲ. ನನ್ನ ಸಂಜೆಗಳು ಉದ್ದವಾದವು. ಕಿಟಕಿ ಮುಚ್ಚಿ ಕತ್ತಲಲ್ಲಿ ಕೂರುತ್ತಿದ್ದೆ. ದೂರದಿಂದ ಜನರ ಕೂಗು ಏಳುತ್ತಿತ್ತು, ಬೀಳುತ್ತಿತ್ತು. ಹೇಳಬೇಕಾದದ್ದೆಲ್ಲ ಒಳಗೇ ಉಳಿಯುತ್ತಿತ್ತು. ಹಗುರಾಗುವ ಜಾಗವಿಲ್ಲದಿದ್ದರೆ ಮನುಷ್ಯ ಎಷ್ಟು ಭಾರವಾಗುತ್ತಾನೆಂದು ನೀಲವ್ವನಿಗೆ ಮೊದಲೇ ಗೊತ್ತಿತ್ತು. ಅವಳು ಅದನ್ನೇ ನೆಚ್ಚಿಕೊಂಡು ಹೊರಟವಳು. ಹಾಸ್ಟೆಲಿನ ಅಡುಗೆಮನೆಯಲ್ಲಿ ಅವಳು ಸಂಜೆಗಳನ್ನು ಹೇಗೆ ಕಳೆಯುತ್ತಾಳೋ ನಾನು ಎಂದೂ ತಿಳಿಯಲಾರೆ.

ಒಂದು ಸಂಜೆ ಆಟ ಮುಗಿಸಿಕೊಂಡು ಶ್ರೀಪಾದ ಮನೆಗೆ ಬಂದರು. ಜಗುಲಿಯಲ್ಲಿ ಚಪ್ಪಲಿ ಬಿಡುತ್ತ ಒಳಗೆ ಕತ್ತಲಿರುವುದನ್ನು ಕಂಡು ನಿಂತರು.

"ಕರೆಂಟ್ ಹೋಗ್ಯದೇನು?"

"ಇಲ್ಲ."

"ಮತ್ತ?" ಚಪ್ಪಲಿಯನ್ನು ಗೋಡೆಗೆ ಸರಿಸಿದರು. "ಗೆದ್ವಿ," ಎಂದರು. ಆ ಮಾತನ್ನು ಹಾಕಲು ಜಾಗ ಸಿಗದವರಂತೆ ಇನ್ನೊಮ್ಮೆ, "ಎರಡು ಗೋಲಿನಿಂದ ಗೆದ್ವಿ," ಎಂದರು.

"ಕೂಡ್ರಿ ಒಂದೀಟು," ಎಂದೆ.

ಅವರು ಗೋಡೆ ತಡವುತ್ತ ಬಂದು ಎದುರಿನ ಕುರ್ಚಿಯಲ್ಲಿ ಕೂತರು. ಅವರ ಅಂಗಿಯಿಂದ ಹುಲ್ಲಿನ, ಬೆವರಿನ ವಾಸನೆ ಬರುತ್ತಿತ್ತು. ನಾಳೆ ಬೆಳಿಗ್ಗೆ ಇವರು ಚಹಾ ಕುಡಿಯುತ್ತ ನನ್ನ ಎದುರಿಗೇ ಕೂತಿರುತ್ತಾರೆ, ನಾನು ಈಗ ಹೇಳುವುದೆಲ್ಲ ಇವರಿಗೆ ಆಗಲೂ ಗೊತ್ತಿರುತ್ತದೆ, ನಾಡಿದ್ದೂ, ಸಾಯುವವರೆಗೂ. ಅಂಥವರ ಮುಂದೆ ನಾನು ಎಂದೂ ಬಾಯಿ ತೆರೆದವಳಲ್ಲ.

"ದೀಪ ಹಾಕ್ಲೇನು?" ಎಂದು ಅವರು ಮೆಲ್ಲಗೆ ಕೇಳಿದರು.

ಬೇಡವೆನ್ನಬೇಕೆಂದು ಬಾಯಿಗೆ ಬಂದಿತ್ತು. "ಹಾಕ್ರಿ," ಎಂದೆ. ಅವರು ಎದ್ದು ಗುಂಡಿ ಒತ್ತಿದರು. ನಾವಿಬ್ಬರೂ ಕಣ್ಣು ಕಿರಿದು ಮಾಡಿಕೊಂಡು ಒಬ್ಬರನ್ನೊಬ್ಬರು ನೋಡಿದೆವು. ಅವರ ಕೂದಲು ಇಷ್ಟು ಬೆಳ್ಳಗಾದದ್ದು ಯಾವಾಗ ಎಂದು ನನಗೆ ತಿಳಿಯಲಿಲ್ಲ. ಅವರಿಗೆ ನನ್ನಲ್ಲಿ ಏನು ಕಂಡಿತೋ, ನಿಂತವರು ಹಾಗೇ ನಿಂತಿದ್ದರು.